ಹೆಡ್ ಕ್ಲಾರ್ಕರ ಬೆನ್ನ ಹಿಂದೆ ನಾನೂರು ಮೀಟರ್

ನಿಜವಾಗಿ ಸೋಲುವವರು ಹಗಲುಗನಸಿನಲ್ಲಾದರೂ ಗೆದ್ದುಕೊಂಡು ಸಮಾಧಾನಪಡುತ್ತಾರೆ. ನನಗೆ ಆ ಭಾಗ್ಯವೂ ಇಲ್ಲ. ಕನಸು ಕಾಣುವವನು ನಾನೇ, ಓಡುವ ಕಾಲೂ ನನ್ನದೇ, ತಡೆಯುವವರು ಯಾರೂ ಇಲ್ಲ. ಆದರೂ ಒಂದು ತಿಂಗಳ ಕಾಲ ದಿನವೂ ನನ್ನ ಕನಸಿನಲ್ಲಿ ನಾನೇ ಎರಡನೆಯವನಾಗಿ ಬಂದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆ. ಗುಬ್ಬಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಬಂದ ಕಾಗದಕ್ಕೆಲ್ಲ ಓದದೆ ಸಹಿ ಹಾಕುವ ಅಭ್ಯಾಸ ನನ್ನದು. ಹಾಗೆ ಒಂದಕ್ಕೆ ಹಾಕಿದ ಮೇಲೆ ತಿಳಿಯಿತು, ಅದು ತುಮಕೂರಿನಲ್ಲಿ ನಡೆಯುವ ನೌಕರರ ಕ್ರೀಡಾಕೂಟದ ನಾನೂರು ಮೀಟರ್ ಓಟದ ಪಟ್ಟಿ. ಹೆಸರು ತೆಗೆಸಿಬಿಡಬಹುದಿತ್ತು. ಆದರೆ ಹೆಂಡತಿ ಗಿರಿಜ ಸುದ್ದಿ ಕೇಳಿ ನಗಲಿಲ್ಲ. "ಅಲ್ರೀ, ಇಷ್ಟ್ ವಯಸ್ಸಾಯ್ತು, ಯಾವ್ದ್ರಲ್ಲಾದ್ರೂ ಒಂದ್ಸಲ ಫಸ್ಟ್ ಬಂದಿದೀರಾ?" ಎಂದು ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದಳು. ಶಾಲೆಯ ದಿನಗಳಿಂದ ಹುಡುಕಿ ನೋಡಿದೆ. ಬಂದಿರಲಿಲ್ಲ. ಒಂದೇ ಒಂದು ಸಲ ಎಲ್ಲರಿಗಿಂತ ಮುಂದೆ ಇರಬೇಕು, ಅದನ್ನು ಇವಳು ನೋಡಬೇಕು ಎಂಬ ಆಸೆ ಹಿಡಿದುಕೊಂಡಿತು.

ಮೊದಲು ದೇಹದ ತಯಾರಿ. ಬೆಳಿಗ್ಗೆ ನಿಟ್ಟೂರು ರಸ್ತೆಯಲ್ಲಿ ಓಡತೊಡಗಿದೆ. ಸುಮ್ಮಸುಮ್ಮನೆ ಓಡುವವರನ್ನು ಆ ಕಾಲದಲ್ಲಿ ನಮ್ಮ ಕಡೆ ಯಾರೂ ಕಂಡಿರಲಿಲ್ಲ. "ಏನ್ ಸಾಮಿ, ರೈಲ್ ತಪ್ಪೋಯ್ತಾ? ಹತ್ಕಳಿ, ಬುಡ್ತೀನಿ" ಎಂದು ಯಾರಾದರೊಬ್ಬರು ಸೈಕಲ್ ನಿಲ್ಲಿಸುತ್ತಿದ್ದರು. ಬೇಡವೆಂದರೆ ನೊಂದುಕೊಂಡಾರು ಎಂದು ಹತ್ತುತ್ತಿದ್ದೆ. ಹೀಗಾಗಿ ದೇಹದ ತಯಾರಿ ಬಹುಪಾಲು ಕ್ಯಾರಿಯರ್ ಮೇಲೆಯೇ ನಡೆಯಿತು.

ಮನಸ್ಸಿನ ತಯಾರಿ ಹೇಳಿಕೊಟ್ಟವನು ಭಾಮೈದ ಶಿವಣ್ಣ. ಕುಣಿಗಲ್ಲಿನಲ್ಲಿ ರೇಸ್ ಕುದುರೆಗಳ ಮೈ ಉಜ್ಜುವವನು. "ಭಾವ, ಕಣ್ ಮುಚ್ಕಂಡು ಓಟ ಪೂರ್ತಿ ಮನಸ್ನಲ್ಲೇ ಓಡ್ಬುಡಿ. ಪಕ್ಕದಲ್ಲಿ ಯಾರವ್ರೆ ಅಂತ ಮಾತ್ರ ನೋಡ್ಬ್ಯಾಡಿ. ಕುದ್ರೆಗೆ ಕಣ್ಪಟ್ಟಿ ಕಟ್ಟೋದು ಅದಕ್ಕೇಯ" ಎಂದ. ಜೊತೆಗೆ ಹುರುಳಿ ತಿನ್ನಿ ಎಂದೂ ಅಂದ. ಗಿರಿಜ ತಿಂಗಳಿಡೀ ಹುರುಳಿ ಸಾರು ಮಾಡಿದಳು.

ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ, ಕಚೇರಿಯ ಕಿಟಕಿಯ ಪಕ್ಕ ಕಣ್ಣು ಮುಚ್ಚುತ್ತಿದ್ದೆ. ಹೊಂಗೆಮರದ ಗಾಳಿ ಬರುತ್ತಿತ್ತು. ಮೈದಾನ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಸುಣ್ಣದ ಗೆರೆಗಳ ನಡುವೆ ತೇಲಿಕೊಂಡು ಹೋಗುತ್ತಿದ್ದೆ, ಒಬ್ಬೊಬ್ಬರೇ ಹಿಂದೆ ಉಳಿಯುತ್ತಿದ್ದರು. ಕೊನೆಯ ತಿರುವಿನಲ್ಲಿ ಮುಂದೆ ಒಂದೇ ಒಂದು ಬೆನ್ನು. ಅದೇ ಓಟಕ್ಕೆ ತಾವೂ ಹೆಸರು ಕೊಟ್ಟಿದ್ದ ನಮ್ಮ ಹೆಡ್ ಕ್ಲಾರ್ಕ್ ಸಿದ್ಧಲಿಂಗಯ್ಯನವರದು. ಹನ್ನೊಂದು ವರ್ಷ ಫೈಲು ಹಿಡಿದು ಆ ಬೆನ್ನಿನ ಹಿಂದೆಯೇ ನಡೆದಿದ್ದೇನೆ. ದಾಟಲು ಹೋದರೆ ಕನಸಿನಲ್ಲೂ ಕಾಲು ನಿಧಾನವಾಗುತ್ತಿತ್ತು. "ತಾವು ನಡೀರಿ ಸಾರ್" ಎಂದುಬಿಡುತ್ತಿದ್ದೆ. ಕಣ್ಣು ಬಿಟ್ಟರೆ ಅವರೇ ಎದುರು ನಿಂತು, "ಏನ್ರೀ ಮೂರ್ತಿ, ಹಿಂಗ್ ಬೆವತಿದೀರಿ, ಜ್ವರಾನಾ?" ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದರೆ ದಾಟುವುದು ಸುಲಭವಾಗಿರುತ್ತಿತ್ತು.

ಓಟದ ದಿನ ಗಿರಿಜ ತುಮಕೂರಿಗೆ ಬಂದು, ಓಟ ಮುಗಿಯುವಲ್ಲಿ ದಾರ ಹಿಡಿಯುವ ಜಾಗದ ಆಚೆ ಕೂತಳು. ಸೀಟಿ ಊದಿದರು. ಹುರುಳಿಯ ಶಕ್ತಿಯೋ ಏನೋ, ಕೊನೆಯ ತಿರುವಿಗೆ ಬಂದಾಗ ನಿಜವಾಗಿಯೂ ಮುಂದೆ ಅದೇ ಬೆನ್ನು, ಈ ಸಲ ಬನಿಯನ್ನಿನಲ್ಲಿ. ಶಿವಣ್ಣನ ಮಾತು ನೆನೆದು ಪಕ್ಕಕ್ಕೆ ನೋಡಲಿಲ್ಲ. ಸಮಕ್ಕೆ ಬಂದೆ. ದಾಟಿಯೇಬಿಟ್ಟೆ! ಎದುರಿಗೆ ಬರೀ ಬಯಲು, ಬಿಳಿ ದಾರ, ಎದ್ದು ನಿಂತ ಗಿರಿಜ. ಅಂಥ ಸುಖವನ್ನು ನಾನು ಮತ್ತೆ ಕಂಡಿಲ್ಲ.

ಆಗ ಹಿಂದಿನಿಂದ ಏದುಸಿರಿನ ದನಿ ಬಂತು. "ಮೂರ್ತಿ, ಆ ನಿಟ್ಟೂರ್ ಫೈಲು ಏನಾಯ್ತ್ರೀ?"

ನಿಂತೆ. ತಿರುಗಿ, "ಟೈಪಿಗೆ ಕೊಟ್ಟಿದೀನಿ ಸಾರ್" ಎಂದೆ. ಅವರೂ ನಿಂತರು. "ನಾಳೆ ಸಹಿಗಿಡಿ" ಎಂದರು. ಮೋಸಕ್ಕೆ ಕೇಳಿದ್ದಲ್ಲ, ನನ್ನನ್ನು ಕಂಡರೆ ಅವರಿಗೆ ಫೈಲೇ ನೆನಪಾಗುವುದು. ಅಷ್ಟರಲ್ಲಿ ಮೂವರು ನಮ್ಮನ್ನು ದಾಟಿಹೋದರು. ಆಮೇಲೆ ಇಬ್ಬರೂ ಜೊತೆಯಾಗಿಯೇ ಓಡಿದೆವು. ಗೆರೆಯ ಹತ್ತಿರ ನಾನು ಒಂದು ಹೆಜ್ಜೆ ಹಿಂದೆ ಉಳಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಗಿರಿಜ, "ಸ್ವಲ್ಪ ಹೊತ್ತು ಮುಂದೆ ಇದ್ರಿ ಕಣ್ರೀ. ನಾನ್ ನೋಡ್ದೆ" ಎಂದಳು.

ಸಿದ್ಧಲಿಂಗಯ್ಯನವರು ನಿವೃತ್ತರಾಗಿ ಅಮೃತೂರಿಗೆ ಹೋದರು. ಅವರ ಕುರ್ಚಿಯಲ್ಲಿ ಈಗ ನಾನಿದ್ದೇನೆ. ಊಟವಾದ ಮೇಲೆ ಇಂದಿಗೂ ಕಣ್ಣು ಮುಚ್ಚುತ್ತೇನೆ. ಮೈದಾನ ಬಿಚ್ಚಿಕೊಳ್ಳುತ್ತದೆ, ಕಾಲು ತೇಲುತ್ತದೆ, ಕೊನೆಯ ತಿರುವಿನಲ್ಲಿ ಮುಂದೆ ಯಾರ ಬೆನ್ನೂ ಇಲ್ಲ. ಗೆಲ್ಲುವುದೊಂದೇ ಬಾಕಿ. ಆದರೆ ದಾರದ ಹತ್ತಿರ ಬಂದು ನಿಂತುಬಿಡುತ್ತೇನೆ, ಹಿಂದಿನಿಂದ ಯಾರಾದರೂ ಆ ಫೈಲು ಏನಾಯಿತೆಂದು ಕೇಳಲಿ ಎಂದು.