ಸರಸ್ವತಿ ಪೂಜೆಗೆ ಕೂತ ನನ್ನ ಮೊಬೈಲಿಗೆ

ಸಕಲ ಗುಣಸಂಪನ್ನರೂ, ಮುಟ್ಟಿದರೆ ಸಾಕು ಬೆಳಗುವವರೂ, ನನ್ನ ಅಂಗಿಯ ಎಡಜೇಬಿನ ಖಾಯಂ ನಿವಾಸಿಗಳೂ ಆದ ಮೊಬೈಲ್ ಫೋನ್ ಮಹಾಶಯರ ಸನ್ನಿಧಾನಕ್ಕೆ, ಚಿಕ್ಕಲಸಂದ್ರದ ಮೊದಲ ಮಹಡಿಯ ಬಾಡಿಗೆದಾರ ತಿರುಮಲೇಶ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯವಿಲ್ಲ, ಏಕೆಂದರೆ ಐದು ನಿಮಿಷಕ್ಕೊಮ್ಮೆ ತಮ್ಮನ್ನು ಎತ್ತಿ ನೋಡುವ ನನಗೆ ಈ ಕ್ಷಣದಲ್ಲಿ ತಮಗೆ ಅರವತ್ತೆರಡು ಪರ್ಸೆಂಟ್ ಚಾರ್ಜ್ ಇರುವುದು ಬಾಯಿಪಾಠವಾಗಿದೆ. ನನ್ನ ಮಗಳು ನಾಲ್ಕನೆಯ ಕ್ಲಾಸಿನ 'ಎ' ಸೆಕ್ಷನ್ನಿನಲ್ಲಿದ್ದಾಳೋ 'ಬಿ' ಸೆಕ್ಷನ್ನಿನಲ್ಲಿದ್ದಾಳೋ ಎಂದು ಯಾರಾದರೂ ಕೇಳಿದರೆ ಮಾತ್ರ ಹೆಂಡತಿ ವಿಭಾಳನ್ನು ಕೂಗಬೇಕಾಗುತ್ತದೆ.

ಇದು ದೂರಿನ ಪತ್ರ. ತಮ್ಮ ಮೇಲೆ ದೂರು ಹೇಳುವಷ್ಟು ದೊಡ್ಡ ಮನುಷ್ಯ ನಾನಲ್ಲ ಎಂಬುದು ಗೊತ್ತಿದ್ದರೂ, ವಿಜಯದಶಮಿಯ ಬೆಳಗ್ಗೆ ನನ್ನ ತಾಯಿ, ಹೆಂಡತಿ, ಮಗಳು, ಅಷ್ಟು ಸಾಲದೆಂದು ಕೆಳಗಿನ ಮನೆಯ ಓನರ್ ದಂಪತಿಗಳ ಎದುರಿನಲ್ಲೂ ತಾವು ನನ್ನ ಮಾನವನ್ನು ಹರಾಜು ಹಾಕಿದ್ದರಿಂದ, ನಾಲ್ಕು ಜನರ ಮುಂದೆ ನಡೆದದ್ದನ್ನು ನಾಲ್ಕು ಜನರ ಮುಂದೆಯೇ ಹೇಳಿಕೊಳ್ಳುವುದು ನ್ಯಾಯವೆನಿಸಿ ಬರೆಯಲು ಕೂತಿದ್ದೇನೆ.

ತಮಗೆ ತಿಳಿಯದ್ದೇನೂ ಇಲ್ಲ, ಆದರೂ ನಿವೇದಿಸಿಕೊಳ್ಳುತ್ತೇನೆ. ನಮ್ಮ ರಸ್ತೆಯ ನಿವಾಸಿಗಳ ಸಂಘದಲ್ಲಿ ನಾನು ಒಬ್ಬ ತಜ್ಞ. ಕಳೆದ ಆಗಸ್ಟಿನಲ್ಲಿ 'ಮಕ್ಕಳನ್ನು ಪರದೆಯಿಂದ ಪಾರು ಮಾಡುವುದು ಹೇಗೆ' ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತನಾಡಿ ಶಾಲು, ಹಣ್ಣಿನ ಬುಟ್ಟಿ ಪಡೆದವನು. ಆ ಭಾಷಣದ ತಯಾರಿಗಾಗಿ ತಮ್ಮ ಕೃಪೆಯಿಂದ ನಲವತ್ತಮೂರು ವಿಡಿಯೊಗಳನ್ನು ನೋಡಿದ್ದೆ. 'ಏಕಾಗ್ರತೆಗೆ ಹತ್ತು ಸೂತ್ರಗಳು' ಎಂಬುದನ್ನು ಮೆಟ್ರೊದಲ್ಲಿ ಏಕಾಗ್ರತೆಯಿಂದ ನೋಡುತ್ತಾ ಬನಶಂಕರಿಯಲ್ಲಿ ಇಳಿಯಬೇಕಾದವನು ಯಲಚೇನಹಳ್ಳಿಯಲ್ಲಿ ಇಳಿದು, ಅಲ್ಲಿಂದ ವಾಪಸು ಬರುವಾಗ ಏಳನೆಯ ಸೂತ್ರದಲ್ಲಿ ಮೈಮರೆತು ಜಯನಗರ ತಲುಪಿದ್ದೂ ಉಂಟು. ಆ ಸಂಜೆ ನಾನು ತಡವಾಗಿ ಬಂದದ್ದಕ್ಕೆ ಟ್ರಾಫಿಕ್ಕನ್ನು ಬೈದದ್ದು ತಮಗೂ ನನಗೂ ಮಾತ್ರ ಗೊತ್ತು.

ಇಂಥ ತಜ್ಞನ ಮನೆಯಲ್ಲೇ ಮಗಳು ಸಮನ್ವಿತಾ ಟ್ಯಾಬ್ ಬಿಡುತ್ತಿರಲಿಲ್ಲ. ಅದರ ಆಟವೊಂದರಲ್ಲಿ ಅವಳದೊಂದು ಮೊಲ. ಬೆಳ್ಳಗಿದ್ದುದರಿಂದ ಅದಕ್ಕೆ ಬೆಣ್ಣೆ ಎಂದು ಹೆಸರಿಟ್ಟಿದ್ದಳು. ಬೆಣ್ಣೆಗೆ ದಿನಾ ಕ್ಯಾರೆಟ್ ಹಾಕಬೇಕು, ಮೈ ಉಜ್ಜಬೇಕು, ಬಿಲದ ಬಾಗಿಲು ಹಾಕಬೇಕು. ತಪ್ಪಿದರೆ ಅದು ಓಡಿಹೋಗುತ್ತದೆ. ಅರವತ್ತೊಂದು ದಿನ ಒಂದು ಹೊತ್ತೂ ತಪ್ಪಿಸದೆ ಸಾಕಿದ್ದಳು. ನಾನು ಬೈದೆ, ವೇಳಾಪಟ್ಟಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ, ಮನೆಯ ಎಲ್ಲರ ಫೋನು-ಟ್ಯಾಬುಗಳಲ್ಲಿ ನಿಗಾ ಇಡುವ ಆ್ಯಪ್ ಒಂದನ್ನು ಹಾಕಿದೆ. ಯಾವುದಕ್ಕೂ ಅವಳು ಜಗ್ಗಲಿಲ್ಲ. ಹಾಗಿರುವಾಗ ನವರಾತ್ರಿ ಬಂತು.

ನಮ್ಮ ಮನೆಯಲ್ಲಿ ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಮಣೆಯ ಮೇಲೆ ಜೋಡಿಸಿ ಸರಸ್ವತಿ ಪೂಜೆ ಮಾಡುವುದು, ವಿಜಯದಶಮಿಯ ದಿನ ಮರುಪೂಜೆ ಮಾಡಿ ಅವನ್ನು ತೆಗೆದು ನಾಲ್ಕು ಸಾಲು ಓದುವುದು ರೂಢಿ. ನಡುವೆ ಪೂಜೆಗಿಟ್ಟ ಪುಸ್ತಕವನ್ನು ಯಾರೂ ಮುಟ್ಟುವಂತಿಲ್ಲ. ಚಿಕ್ಕಂದಿನಲ್ಲಿ ಲೆಕ್ಕದ ಪುಸ್ತಕವನ್ನು ಎಲ್ಲಕ್ಕಿಂತ ಮೊದಲು ತಂದಿಡುತ್ತಿದ್ದವನು ನಾನೇ. ಆ ನೆನಪಿನಿಂದಲೇ ನನಗೆ ಈ ಅದ್ಭುತ ಉಪಾಯ ಹೊಳೆಯಿತು. ಈಗ ವಿದ್ಯೆಯೆಲ್ಲ ಇರುವುದು ಫೋನಿನಲ್ಲಿ, ಆದ್ದರಿಂದ ಫೋನು-ಟ್ಯಾಬುಗಳನ್ನೇ ಪೂಜೆಗಿಡೋಣ, ನಾಲ್ಕು ದಿನ ಯಾರೂ ಮುಟ್ಟುವುದು ಬೇಡ ಎಂದು ಘೋಷಿಸಿದೆ. ತುರ್ತಿಗೆ ಅಮ್ಮನ ಹಳೆಯ ಬಟನ್ ಫೋನ್ ಹೊರಗಿದ್ದರೆ ಸಾಕು. ಆಫೀಸಿಗೆ ರಜೆ ಹಾಕಿದ್ದರಿಂದ ನನಗೂ ಕೆಲಸದ ನೆಪವಿರಲಿಲ್ಲ.

ನನ್ನ ತಾಯಿ ಕಾತ್ಯಾಯಿನಿಯವರು ಹೂ ಕಟ್ಟುತ್ತಾ, "ಪುಸ್ತಕ ಮುಟ್ಬೇಡ ಅಂದ್ರೆ ಕುಣೀತಿದ್ದೆ ನೀನು. ಇದನ್ನ ಮುಟ್ಬೇಡ ಅಂದ್ರೆ ಇರ್ತೀಯೇನೋ?" ಎಂದರು. ನಾನು ನಕ್ಕೆ. ಸಮನ್ವಿತಾ ಮಾತ್ರ ನಗಲಿಲ್ಲ. "ನಾಲ್ಕು ದಿನ ಊಟ ಹಾಕ್ದಿದ್ರೆ ಬೆಣ್ಣೆ ಓಡೋಗುತ್ತಪ್ಪ" ಎಂದಳು. ಆಮೇಲೆ, "ನೀನೂ ಮುಟ್ಟಲ್ವಾ? ದೇವ್ರಾಣೆ?" ಎಂದು ಕೇಳಿದಳು. ಸರಸ್ವತಿಯ ಪಟದ ಮುಂದೆ ಕೈಚಾಚಿ ಆಣೆಯಿಟ್ಟೆ. ಅವಳು ಒಳಗೆ ಹೋಗಿ ಬೆಣ್ಣೆಗೆ ಕೊನೆಯ ಕ್ಯಾರೆಟ್ ಹಾಕಿ, ಟ್ಯಾಬನ್ನು ತಂದು ತನ್ನ ಕೈಯಾರೆ ಮಣೆಯ ಮೇಲಿಟ್ಟು, ನಮಸ್ಕಾರ ಮಾಡಿ, ತಿರುಗಿ ನೋಡದೆ ಹೊರಟುಹೋದಳು.

ಮಾನ್ಯರೇ, ಆ ಮಣೆಯ ಮೇಲೆ ತಾವು ಅದೆಷ್ಟು ಶೋಭಿಸುತ್ತಿದ್ದಿರಿ! ಹಣೆಗೆ ಕುಂಕುಮ, ನೆತ್ತಿಗೆ ಸೇವಂತಿಗೆ, ಮೈಮೇಲೆ ನಾಲ್ಕು ಕಾಳು ಅಕ್ಷತೆ. ವಿಭಾ ತನ್ನ ಫೋನನ್ನು ಆರಿಸಿಯೇ ಇಟ್ಟಳು. ದೇವರ ಮನೆಯಲ್ಲಿ ಬೆಳಕು ಆರಬಾರದು ಎಂಬ ಶಾಸ್ತ್ರವನ್ನು ಅಲ್ಲೇ ಹುಟ್ಟಿಸಿ ತಮ್ಮನ್ನು ನಾನು ಆರಿಸಲಿಲ್ಲ. ಪಟಕ್ಕೆ ಹಾಕಿದ್ದ ಸೀರಿಯಲ್ ಲೈಟಿನ ಪಕ್ಕದಲ್ಲೇ ತಮ್ಮ ಚಾರ್ಜರಿಗೂ ಒಂದು ಜಾಗ ಸಿಕ್ಕಿತು. ಅದನ್ನು ನಾನು ನೈವೇದ್ಯವೆಂದು ಭಾವಿಸಿದ್ದೆ.

ಮೊದಲ ಸಲ ಒಳಗೆ ಹೋದದ್ದು ಪೂಜೆಯಾದ ಒಂದೂವರೆ ಗಂಟೆಗೆ, ದೀಪಕ್ಕೆ ಎಣ್ಣೆ ಇದೆಯೇ ಎಂದು ನೋಡಲು. ಎಣ್ಣೆ ಇತ್ತು. ತಮ್ಮ ನೆತ್ತಿಯ ಹೂವು ಸ್ವಲ್ಪ ವಾಲಿತ್ತು. ಸರಿಮಾಡುವಾಗ ಬೆರಳು ತಾಗಿತು, ತಾವು ಬೆಳಗಿದಿರಿ, ಸಂಘದ ಗುಂಪಿನಲ್ಲಿ ಇಪ್ಪತ್ತೆಂಟು ಸಂದೇಶಗಳಿದ್ದವು. ತಜ್ಞನಾದವನು ಉತ್ತರಿಸದಿದ್ದರೆ ಹೇಗೆ? ಆ ದಿನ ಸಂಜೆ, ಉಪನಯನದ ಮರುವರ್ಷವೇ ಕೈಬಿಟ್ಟಿದ್ದ ಸಂಧ್ಯಾವಂದನೆಯನ್ನು ಪುನರಾರಂಭಿಸಿದೆ. ಮರುದಿನ ಬೆಳಗಿನದೂ ಸೇರಿತು. ಮಾಧ್ಯಾಹ್ನಿಕವೆಂಬುದೊಂದು ಇದೆಯೆಂದು ನೆನಪಾಗಿ ಅದನ್ನೂ ಹಿಡಿದೆ. ಬಾಗಿಲು ಮುಂದಕ್ಕೆ ಹಾಕಿಕೊಂಡು, ಬೆನ್ನು ಹೊರಗೆ ಮಾಡಿ, ತಲೆ ತಗ್ಗಿಸಿ, ತುಟಿ ಅಲ್ಲಾಡಿಸುತ್ತಾ ಕೂತಿರುತ್ತಿದ್ದೆ. 'ಮಕ್ಕಳಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು ಹೇಗೆ' ಎಂಬ ವಿಡಿಯೊವನ್ನು ಸದ್ದಿಲ್ಲದೆ, ಕೆಳಗೆ ಮೂಡುವ ಅಕ್ಷರಗಳನ್ನು ಓದಿಕೊಂಡು, ಎರಡು ಸಲ ನೋಡಿದ್ದು ಅಲ್ಲಿಯೇ.

ಈ ಭಕ್ತಿಯ ಪರಿಮಳ ಕೆಳಗಿನ ಮನೆಗೂ ಹಬ್ಬಿತು. ಓನರ್ ಲಕ್ಷ್ಮಿದೇವಮ್ಮನವರು ನಮ್ಮ ದಸರಾ ಗೊಂಬೆ ನೋಡಲು ಬಂದವರು ದೇವರ ಮನೆಯ ಬಾಗಿಲ ಸಂದಿಯಿಂದ ನನ್ನ ಬೆನ್ನನ್ನು ಕಂಡು ಕೆನ್ನೆ ಕೆನ್ನೆ ಬಡಿದುಕೊಂಡರಂತೆ. "ಏನ್ ಭಕ್ತಿ ವಿಭಮ್ಮ ನಿಮ್ ಯಜಮಾನ್ರದ್ದು! ನಮ್ಮನೇಲೂ ಒಬ್ರಿದಾರೆ, ಬೆಳಗಾದ್ರೆ ಕಟ್ಟೆ, ಸಂಜೆ ಆದ್ರೆ ಟೀವಿ" ಎಂದು ಹೇಳಿ ಹೋದವರು, ಮರುದಿನದಿಂದ ತಮ್ಮ ಯಜಮಾನರಾದ ಚಿಕ್ಕಬೈರಪ್ಪನವರನ್ನು ಬೆಳಗ್ಗೆ ಸಂಜೆ ಅರ್ಧರ್ಧ ಗಂಟೆ ದೇವರ ಮುಂದೆ ಕೂರಿಸಿದರು. ಈ ಊರು ಇನ್ನೂ ಹೊಲವಾಗಿದ್ದಾಗ ರಾಗಿ ಬೆಳೆದ ಆ ಹಿರಿಯರು, ಮಂಡಿ ನೋವಿನವರು, ಮೆಟ್ಟಿಲ ಬಳಿ ನನ್ನನ್ನು ಅಡ್ಡಗಟ್ಟಿ ಮೆಲ್ಲಗೆ, "ಸಾರ್, ಸ್ವಲ್ಪ ಕಮ್ಮಿ ಮಾಡ್ಕಳಿ ಸಾರ್. ನಿಮ್ಮಿಂದ ನಮ್ಗೆ ಕೂರಾಕೂ ಆಯ್ತಿಲ್ಲ, ಏಳಾಕೂ ಆಯ್ತಿಲ್ಲ" ಎಂದು ಬೇಡಿಕೊಂಡರು. ನಾನು ಗಂಭೀರನಾಗಿ, ಎಲ್ಲ ಅಭ್ಯಾಸಬಲ ಎಂದೆ.

ಈ ನಾಲ್ಕು ದಿನ ಸಮನ್ವಿತಾ ಏನು ಮಾಡಿದಳು ಎಂಬುದನ್ನೂ ಹೇಳಿಬಿಡಬೇಕು. ಅಜ್ಜಿಯ ಜೊತೆ ಗೊಂಬೆಗಳ ಮುಂದೆ ರಾಗಿ ಪೈರಿನ ಪಾರ್ಕಿಗೆ ನೀರು ಚಿಮುಕಿಸಿದಳು, ಚೌಕಾಬಾರದಲ್ಲಿ ಅಜ್ಜಿಗೆ ಮೋಸ ಮಾಡಿ ಸಿಕ್ಕಿಬಿದ್ದಳು, ದಿನಕ್ಕೆರಡು ಸಲ ನನ್ನ ಬಳಿ ಬಂದು "ಅಪ್ಪ ಚೌಕಾಬಾರ ಆಡ್ತೀಯಾ?" ಎಂದು ಕೇಳಿದಳು. ಸಂಧ್ಯಾವಂದನೆಯ ಹೊತ್ತಾಯಿತೆಂದು ನಾನು ಎದ್ದುಹೋದೆ. ಮೂರನೆಯ ದಿನ ಕೇಳುವುದನ್ನು ಬಿಟ್ಟಳು.

ಇನ್ನು ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ವಿಜಯದಶಮಿಯ ಬೆಳಗ್ಗೆ ಮರುಪೂಜೆಯಾಯಿತು. ಲಕ್ಷ್ಮಿದೇವಮ್ಮನವರೂ, ಮಂಡಿ ಒತ್ತಿಕೊಳ್ಳುತ್ತಾ ಚಿಕ್ಕಬೈರಪ್ಪನವರೂ ಬಂದಿದ್ದರು. ಸಮನ್ವಿತಾ ಕನ್ನಡ ಪುಸ್ತಕ ತೆಗೆದು ಪದ್ಯ ಓದಿದಳು. ಅಮ್ಮ, "ಫೋನೂ ಪೂಜೆಗೆ ಕೂತಿತ್ತಲ್ಲ ಪುಟ್ಟಿ, ಅದ್ರಿಂದ್ಲೂ ನಾಲ್ಕು ಸಾಲು ಓದು" ಎಂದರು. ಅವಳು ತನ್ನ ಟ್ಯಾಬನ್ನು ನೋಡಿದಳು, ಗಾಜಿನ ಮೇಲೆ ಕುಂಕುಮದ ಬೊಟ್ಟು ಇಟ್ಟ ಹಾಗೇ ದುಂಡಗಿತ್ತು. ತಮ್ಮನ್ನು ನೋಡಿದಳು. ತಮ್ಮ ಕುಂಕುಮ ಮೇಲಿಂದ ಕೆಳಗೆ ನನ್ನ ಹೆಬ್ಬೆರಳು ಓಡಾಡಿದಷ್ಟು ಅಗಲಕ್ಕೆ ಉಜ್ಜಿಹೋಗಿತ್ತು. ಎತ್ತಿಕೊಂಡಳು. ಅದೇ ಗಳಿಗೆಗೆ ಕಾದಿದ್ದವರಂತೆ ತಾವು ಬೆಳಗಿದಿರಿ.

ನಾನೇ ಹಾಕಿದ್ದ ಆ್ಯಪ್, ನಾನೇ ಮಾದರಿಯಾಗಿರಲೆಂದು ಮೊದಲು ನನ್ನ ಹೆಸರನ್ನೇ ಸೇರಿಸಿ, ನಾನೇ ನಾಲ್ಕು ದಿನದ 'ಪರದೆ ಉಪವಾಸ' ಎಂದು ಗುರುತು ಮಾಡಿ, ಮಗಳಿಗೆ ಓದಲು ಅನುಕೂಲವಾಗಲೆಂದು ನಾನೇ ಕನ್ನಡಕ್ಕೆ ಬದಲಾಯಿಸಿ ಮರೆತಿದ್ದ ಆ ಆ್ಯಪಿನ ವರದಿಯನ್ನು, ಅವಳು ಪದ್ಯ ಓದಿದ ದನಿಯಲ್ಲೇ ಸ್ಪಷ್ಟವಾಗಿ ಓದಿದಳು: "ಉಪವಾಸ ಮುಗಿಯಿತು. ಸಮನ್ವಿತಾ, ಸೊನ್ನೆ ನಿಮಿಷ, ಅಭಿನಂದನೆಗಳು. ವಿಭಾ, ಸೊನ್ನೆ ನಿಮಿಷ, ಅಭಿನಂದನೆಗಳು. ತಿರುಮಲೇಶ, ಹನ್ನೊಂದು ಗಂಟೆ ನಲವತ್ತು ನಿಮಿಷ. ಅತಿ ಹೆಚ್ಚು ಬಳಕೆ, ಬೆಳಗ್ಗೆ ಆರರಿಂದ ಏಳು, ಸಂಜೆ ಆರರಿಂದ ಏಳೂವರೆ."

ಅದು ಸಂಧ್ಯಾವಂದನೆಯ ಹೊತ್ತೆಂದು ಲೆಕ್ಕ ಹಾಕಲು ಅಲ್ಲಿದ್ದ ಯಾರಿಗೂ ತಡವಾಗಲಿಲ್ಲ. ಚಿಕ್ಕಬೈರಪ್ಪನವರು ಮಂಡಿಯಿಂದ ಕೈ ತೆಗೆದು ಹೆಂಡತಿಯ ಮುಖವನ್ನೇ ನೋಡಿದರು. ವಿಭಾ ಕೋಸಂಬರಿ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಕ್ಕದ್ದು ಹಾಲಿಗೆ ಕೇಳಿಸಿತು. ಅಮ್ಮ ನನ್ನ ಕೈಗೆ ಪ್ರಸಾದ ಹಾಕಿದರು. ಇಷ್ಟಾದರೂ ನಾನು ಹೇಗೋ ತಡೆದುಕೊಂಡಿದ್ದೆ, ಮಾನ್ಯರೇ. ಒಂದು ತಮಾಷೆ ಹೇಳಿ ಜಾರಿಕೊಳ್ಳುವವನೂ ಇದ್ದೆ.

ಅಷ್ಟರಲ್ಲಿ ಸಮನ್ವಿತಾ ಟ್ಯಾಬ್ ತೆರೆದಳು. ಬಿಲದ ಬಾಗಿಲು ತೆರೆದಿತ್ತು, ಒಳಗೆ ಬೆಣ್ಣೆ ಇರಲಿಲ್ಲ. ಅವಳು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ನಿಜವಾಗಿಯೂ ಅರ್ಥವಾಗದವಳಂತೆ ನನ್ನನ್ನು ನೋಡಿ, "ಅಪ್ಪ, ನೀನು ಹೇಗಿದ್ರೂ ಒಳಗೇ ಇದ್ಯಲ್ಲ, ಬೆಣ್ಣೆಗೆ ಒಂದ್ ಕ್ಯಾರೆಟ್ ಹಾಕ್ಬಹುದಿತ್ತಲ್ಲ?" ಎಂದು ಕೇಳಿದಳು.

ಟ್ಯಾಬ್ ಇದ್ದದ್ದು ತಮ್ಮ ಪಕ್ಕದಲ್ಲೇ, ಗೇಣುದ್ದ ದೂರದಲ್ಲಿ. ಹನ್ನೊಂದು ಗಂಟೆ ನಲವತ್ತು ನಿಮಿಷ ಅದರ ಪಕ್ಕ ಕೂತಿದ್ದ ನನಗೆ ಆ ಮೊಲದ ನೆನಪು ಒಂದು ಸಲವೂ ಬರಲಿಲ್ಲ. ನನಗೆ ನಾಚಿಕೆಯಾಯಿತು. ನಲವತ್ತಮೂರು ವಿಡಿಯೊಗಳಲ್ಲಿ ಯಾವುದರಲ್ಲೂ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಆದುದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಇನ್ನು ಮುಂದೆ ತಾವು ದಯಮಾಡಿ ಒರಳುಕಲ್ಲಿನಷ್ಟು ತೂಕ ಬೆಳೆಸಿಕೊಳ್ಳಬೇಕು, ಹಾಗಾದರೆ ಜೇಬಿನಲ್ಲಿ ಹಿಡಿಯಲಾರಿರಿ. ಅದು ಕಷ್ಟವೆನಿಸಿದರೆ ನನ್ನ ಮಾತಿನಷ್ಟೇ ನೀರಸರಾಗಬೇಕು. ಮಗಳು ಹತ್ತಿರ ಬಂದು ನಿಂತಾಗಲೆಲ್ಲ ತಾವಾಗಿಯೇ ನಿದ್ದೆಹೋಗಬೇಕು. ಅದೂ ಆಗದಿದ್ದಲ್ಲಿ, ಆ ಹನ್ನೊಂದು ಗಂಟೆ ನಲವತ್ತು ನಿಮಿಷಗಳಲ್ಲಿ ಹತ್ತೇ ಹತ್ತು ನಿಮಿಷ ನನಗೆ ಹಿಂದಿರುಗಿಸಬೇಕು. ಕ್ಯಾರೆಟ್ ಹಾಕಲು ಅಷ್ಟು ಸಾಕಂತೆ. ಚಾಡಿ ಹೇಳಿದ ತಪ್ಪನ್ನು ನಾನು ಕ್ಷಮಿಸಿದ್ದೇನೆ. ನನ್ನನ್ನು ಕ್ಷಮಿಸುವ ಅಧಿಕಾರ ತಮಗಿಲ್ಲದಿರುವುದರಿಂದ ಆ ಅರ್ಜಿಯನ್ನು ಬೇರೆಯವರಿಗೆ ಸಲ್ಲಿಸಿದ್ದೇನೆ.

ಇಂತು, ಹೆಬ್ಬೆರಳಿನ ಕುಂಕುಮ ಇನ್ನೂ ಪೂರ್ತಿ ಹೋಗದ,
ತಮ್ಮ ವಿಶ್ವಾಸಿ,
ತಿರುಮಲೇಶ
(ಸಂಘದ ತಜ್ಞ ಹುದ್ದೆಗೆ ರಾಜೀನಾಮೆ ಸಲ್ಲಿಸಲಾಗಿದೆ)

ವಿ.ಸೂ.: ಆ ಅರ್ಜಿಗೆ ತೀರ್ಪು ಬಂದಿದೆ. ಓಡಿಹೋದ ಮೊಲ ಮನಸ್ಸು ಮಾಡಿ ಮರಳಬೇಕಾದರೆ ಖಾಲಿ ಬಿಲದ ಮುಂದೆ ಅರವತ್ತೊಂದು ದಿನ ತಪ್ಪದೆ ಕ್ಯಾರೆಟ್ ಇಡಬೇಕಂತೆ, ಇಡಬೇಕಾದವನು ನಾನು. ದಿನಕ್ಕೆ ಹತ್ತು ನಿಮಿಷ ಟ್ಯಾಬ್ ನನ್ನ ಕೈಗೆ ಸಿಗುತ್ತದೆ. ಆ ಹೊತ್ತಿನಲ್ಲಿ ತಾವು ಅವಳ ಸ್ಕೂಲ್ ಬ್ಯಾಗಿನೊಳಗೆ ಇರತಕ್ಕದ್ದು. ಗಡಿಯಾರ ಹಿಡಿದು ಎದುರಿಗೆ ಕೂರುತ್ತಾಳೆ, ಹೊತ್ತಾದೊಡನೆ ಕಿತ್ತುಕೊಂಡು ಚೌಕಾಬಾರದ ಮಣೆ ಹಾಸುತ್ತಾಳೆ. ನಿನ್ನೆ "ಇನ್ನೊಂದೇ ನಿಮಿಷ ಪುಟ್ಟಿ" ಎಂದು ಬೇಡಿದೆ. "ಆಣೆ ಇಟ್ಟಾಗ್ಲೂ ಹಿಂಗೇ ಅಂದ್ಕೊಂಡಿದ್ಯಾ?" ಎಂದಳು. ಇವತ್ತಿಗೆ ಹನ್ನೊಂದನೆಯ ದಿನ. ಬೆಣ್ಣೆ ಇನ್ನೂ ಬಂದಿಲ್ಲ.