ಹಗೇವಿನೊಳಗೆ ಕೂಗಿದ ಹೆಸರು

‘ನನಗೆ ಗೊತ್ತಿಲ್ಲ’ ಎಂಬ ಎರಡು ಶಬ್ದ ಬಾಯಿಂದ ಹೊರಡುವುದು ಯಾಕಿಷ್ಟು ಕಷ್ಟ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ರೋಣದ ನಮ್ಮ ಗಿರಣಿಯ ಕಟ್ಟೆಗೆ ಬಂದು ಗಜೇಂದ್ರಗಡದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿ ನೋಡಿ. ಅಲ್ಲಿ ಕುಳಿತ ಐದು ಮಂದಿ ಐದು ಹೊತ್ತು ಹೇಳುತ್ತಾರೆ, ಆರನೆಯವನು ಆ ಬಸ್ಸು ಬಂದಾಗಿದೆ ಎನ್ನುತ್ತಾನೆ. ಗೊತ್ತಿಲ್ಲ ಎಂದವನನ್ನು ನಾನಿನ್ನೂ ಕಂಡಿಲ್ಲ. ಕೇಳಿದವರನ್ನು ಬರಿಗೈಲಿ ಕಳಿಸಬಾರದು ಎಂಬ ಒಳ್ಳೆಯ ಮನಸ್ಸೇ ಇದಕ್ಕೆ ಕಾರಣ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆದರೆ ಇದೇ ಒಳ್ಳೆಯ ಮನಸ್ಸಿನಿಂದ ಒಡಹುಟ್ಟಿದ ತಂಗಿಯ ಹೆಸರು ಕೆಡಿಸುವ ಮಟ್ಟಕ್ಕೆ ಹೋದೆನಲ್ಲ, ಅದನ್ನು ಇವತ್ತು ಹೇಳಿಬಿಡುತ್ತೇನೆ.

ನಾನು ಓದಿದ್ದು ಏಳನೇ ಇಯತ್ತೆ. ಯಾರೂ ಸಾಲಿ ಬಿಡಿಸಲಿಲ್ಲ, ಗಿರಣಿಯ ಸಪ್ಪಳ ಮಾಸ್ತರರ ಸಪ್ಪಳಕ್ಕಿಂತ ಹಿತವಾಗಿ ಕೇಳಿಸಿತು, ನಾನೇ ಬಿಟ್ಟೆ. ನನಗಿಂತ ಒಂಬತ್ತು ವರ್ಷ ಚಿಕ್ಕವಳಾದ ತಂಗಿ ಶಕ್ಕು ನಮ್ಮಿಬ್ಬರ ಪಾಲಿನದೂ ಸೇರಿಸಿ ಓದಿದಳು. ಈಗ ನರಗುಂದದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ರಜೆ ಸಿಕ್ಕಾಗೆಲ್ಲ ಊರೂರು ತಿರುಗಿ ಹಗೇವುಗಳ ಬಗ್ಗೆ ಒಂದು ಪುಸ್ತಕ ಬರೆದಳು. ಹಗೇವು ಎಂದರೆ ನೆಲದೊಳಗೆ ಬಾವಿಯಂತೆ ತೋಡಿದ ಜೋಳದ ಕಣಜ. ಒಳಗೆ ಸುತ್ತಲೂ ಜೋಳದ ಒಣ ದಂಟಿನ ಕಣಿಕೆ ಒಟ್ಟಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಇರುತ್ತಿತ್ತು. ನಮ್ಮ ಮನೆಯ ಮುಂದೂ ಒಂದಿತ್ತು. ಶಕ್ಕುಗೆ ತಿಳಿವಳಿಕೆ ಬರುವಷ್ಟರಲ್ಲಿ ಅದನ್ನು ಮುಚ್ಚಿದ್ದರು. ಹೀಗಾಗಿ ಒಂದು ಮಧ್ಯಾಹ್ನ ಬರೆಯುವ ವಹಿ ಹಿಡಿದು ಗಿರಣಿಗೆ ಬಂದಳು.

“ಅಣ್ಣಾ, ಹಗೇವಿನ ಬಗ್ಗೆ ನಿನಗ ನೆನಪಿದ್ದದ್ದೆಲ್ಲ ಹೇಳು. ನಾ ಬರಕೋತೀನಿ.”

ಬರೆದುಕೊಳ್ಳುತ್ತೇನೆ ಎಂದದ್ದೇ ತಪ್ಪಾಯಿತು ನೋಡಿ. ನನ್ನ ಮಾತನ್ನು ಹುಟ್ಟಿದಂದಿನಿಂದ ಯಾರೂ ಬರೆದುಕೊಂಡಿರಲಿಲ್ಲ. ನನ್ನ ಹೆಂಡತಿಯಂತೂ ಕೇಳಿಸಿಕೊಳ್ಳುವುದನ್ನೇ ಬಿಟ್ಟು ಎಷ್ಟೋ ವರ್ಷವಾಗಿದೆ. ಇಲ್ಲಿ ಕಾಲೇಜಿನ ಮೇಡಂ ಒಬ್ಬಳು ಹಿಟ್ಟಿನ ಚೀಲದ ಮೇಲೆ ಕುಳಿತು ನಾನು ಕೆಮ್ಮಿದರೂ ಬರೆದುಕೊಳ್ಳುವವಳ ಹಾಗೆ ಪೆನ್ನು ಹಿಡಿದಿದ್ದಾಳೆ. ಒಳಗೆ ಇಳಿಯುವ ಮೊದಲು ಕಂದೀಲು ಇಳಿಬಿಟ್ಟು ಒಳಗಿನ ಕೆಟ್ಟ ಗಾಳಿಗೆ ದೀಪ ಆರುತ್ತದೋ ಏನೋ ನೋಡುತ್ತಿದ್ದುದನ್ನು ಹೇಳಿದೆ. ತಳದ ಜೋಳ ಮುಗ್ಗಲು ಹಿಡಿಯುತ್ತಿದ್ದುದನ್ನು ಹೇಳಿದೆ. ನೆನಪಿದ್ದದ್ದೆಲ್ಲ ಕಾಲು ತಾಸಿನಲ್ಲಿ ಮುಗಿಯಿತು. ಶಕ್ಕುನ ಪೆನ್ನು ಮಾತ್ರ ಇನ್ನೂ ಮೇಲೆಯೇ ನಿಂತಿತ್ತು.

“ಮತ್ತ?”

“ಮತ್ತ... ಒಳಗ ಎಷ್ಟು ಜೋಳ ಉಳದಾವ ಅಂತ ನೋಡಾಕ ಹೆಸರು ಕೂಗತಿದ್ರು.”

“ಯಾರ ಹೆಸರು?”

“ಮನಿಗೆ ಹೊಸದಾಗಿ ಬಂದ ಸೊಸಿ ಹೆಸರು. ಹಿರೇರು ಬೋರಲು ಮಲಗಿ ಹಗೇವಿನ ಬಾಯಾಗ ಕೂಗತಿದ್ರು. ದನಿ ಹೊಳ್ಳಿ ಬರೂದರ ಮ್ಯಾಲೆ ಎಷ್ಟು ಚೀಲ ಅದಾವ ಅಂತ ಹೇಳತಿದ್ರು.”

ಈ ಮಾತು ಎಲ್ಲಿಂದ ಬಂತು ಎಂದು ದೇವರಾಣೆಗೂ ನನಗೆ ತಿಳಿಯದು. ಶಕ್ಕು ಕಣ್ಣರಳಿಸಿ ಬರೆದುಕೊಂಡಳು. ಅವಳ ಕಣ್ಣು ಹಾಗೆ ಅರಳಿದ್ದನ್ನು ಕಂಡು ಉಮೇದಿ ಬಂದು, ಕಲ್ಲು ಮುಚ್ಚುವ ದಿನ ಮನೆಯ ಬೆಕ್ಕಿಗೆ ಮೊದಲು ಹಾಲು ಹಾಕುತ್ತಿದ್ದರು ಎಂದೂ ಸೇರಿಸಿದೆ. ಬೆಕ್ಕಿನದು ಸಣ್ಣ ಸುಳ್ಳು. ಸೊಸೆಯದು ದೊಡ್ಡದು.

ಪುಸ್ತಕ ಬಂತು. ಮೊದಲ ಪ್ರತಿ ನನ್ನ ಕೈಗೇ ಕೊಟ್ಟಳು. ಮುಂಭಾಗದಲ್ಲಿ ಉಪಕಾರ ನೆನೆಯುವ ಪುಟದಲ್ಲಿ ‘ನನ್ನ ಮೊದಲ ಗುರು, ನನ್ನ ಅಣ್ಣ’ ಎಂದಿತ್ತು. ಆ ಪುಟವನ್ನು ನಾನು ಎಷ್ಟು ಸಲ ತೆರೆದೆನೆಂದರೆ ಈಗಲೂ ಪುಸ್ತಕ ತಾನಾಗಿಯೇ ಅಲ್ಲಿಗೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ಎದೆ ಗಟ್ಟಿ ಮಾಡಿ ಸೊಸೆಯನ್ನು ಹುಡುಕುತ್ತ ಹೋದೆ. ಅರವತ್ತೆರಡನೆಯ ಪುಟದಲ್ಲಿ ಸಿಕ್ಕಳು. ‘ರೋಣದ ಹಿರಿಯರೊಬ್ಬರು ಹೇಳುವಂತೆ’ ಎಂದು ಶುರುವಾಗುವುದನ್ನು ಕಂಡದ್ದೇ ತಡ, ಕಾದ ಹಂಚು ಮುಟ್ಟಿದವನ ಹಾಗೆ ಪುಸ್ತಕ ಮುಚ್ಚಿ ಜೋಳದ ಡಬ್ಬಿಯ ಹಿಂದೆ ಇಟ್ಟುಬಿಟ್ಟೆ. ಶಕ್ಕು ಫೋನಿನಲ್ಲಿ “ಓದಿದ್ಯಾ ಅಣ್ಣಾ?” ಎಂದಳು. “ಎರಡು ಸಲ” ಎಂದೆ. ಒಂದು ಸಲ ಎನ್ನಬಹುದಿತ್ತು.

ಪುಸ್ತಕ ಅಂದಮೇಲೆ ಮಾತುಕತೆಯ ಕಾರ್ಯಕ್ರಮಗಳು ಬಂದವು. ಎರಡು ಕುರ್ಚಿ ಹಾಕುತ್ತಾರೆ, ಒಂದರಲ್ಲಿ ಬರೆದವರು, ಇನ್ನೊಂದರಲ್ಲಿ ಕೇಳುವವರು. ಧಾರವಾಡದ ನಿವೃತ್ತ ಪ್ರೊಫೆಸರರೊಬ್ಬರು ಕೇಳುವವರಾಗಿದ್ದರು. ಪುಸ್ತಕದ ಗಂಟು ಹೊರುವ ಕೆಲಸ ನನಗೆ. ಗುರುವಾದ ಮೇಲೆ ಅಷ್ಟಾದರೂ ಮಾಡಬೇಡವೆ? ರೋಣದಲ್ಲಿ ಸೊಸೆಯ ಸುದ್ದಿ ಬರಲಿಲ್ಲ. ನರಗುಂದದಲ್ಲಿ ಪ್ರೊಫೆಸರರು “ಇನ್ನು ಆ ಧ್ವನಿಯ ವಿಷಯಕ್ಕೆ ಬರೋಣ” ಎಂದರು, ನಾನು ಪುಸ್ತಕದ ಗಂಟಿನ ಹಿಂದೆ ತಲೆ ಬಗ್ಗಿಸಿದೆ, ಅಷ್ಟರಲ್ಲಿ ಚಹಾ ಬಂತು. ಚಹಾ ಕಂಡುಹಿಡಿದವರಿಗೆ ಅಂದು ಮನಸ್ಸಿನಲ್ಲೇ ಕೈಮುಗಿದೆ.

ಗಜೇಂದ್ರಗಡದಲ್ಲಿ ಚಹಾ ಮೊದಲೇ ಕುಡಿಸಿಬಿಟ್ಟಿದ್ದರು.

ಪ್ರೊಫೆಸರರು ಅರವತ್ತೆರಡನೆಯ ಪುಟ ತೆಗೆದರು. “ಈ ಪುಸ್ತಕದ ಅತಿ ಮಹತ್ವದ ಶೋಧ ಇದರಿ. ಧಾನ್ಯದ ಹೊಟ್ಟೆಯೊಳಗ ಸೊಸಿ ಹೆಸರು ಕೂಗೂದು! ಸೊಸಿ ಅಂದ್ರ ಸಮೃದ್ಧಿ. ಮನಿಯ ಹೆಣ್ಣಿಗೂ ಭೂಮಿಯ ಗರ್ಭಕ್ಕೂ ನಮ್ಮ ಪೂರ್ವಜರು ಕಟ್ಟಿದ ನಂಟು ಇದು. ಇದರ ಮ್ಯಾಲೆ ನಾನೊಂದು ಪ್ರಬಂಧ ಬರೀಬೇಕಂತ ಮಾಡೀನಿ. ಮೇಡಂ, ಇದನ್ನ ನೀವು ಹೆಂಗ ಕಂಡುಹಿಡದ್ರಿ?”

ಶಕ್ಕು ಉತ್ತರಿಸಲು ಬಾಯಿ ತೆರೆದಳು. ನನ್ನ ಕಣ್ಣೆದುರು ಬಿಸಿಲಿನಲ್ಲಿ ಬೆಳವಣಕಿ, ಅಬ್ಬಿಗೇರಿ ಎಂದು ಅಡ್ಡಾಡಿದ ಅವಳ ಚಪ್ಪಲಿ ಬಂದವು. ಇವರು ಪ್ರಬಂಧ ಬರೆಯುತ್ತಾರೆ, ಅದನ್ನು ಓದಿ ಇನ್ನೊಬ್ಬರು ಬರೆಯುತ್ತಾರೆ, ಕೊನೆಗೆ ಯಾವನೋ ಬಲ್ಲವನು ಇದು ಸುಳ್ಳು ಎನ್ನುತ್ತಾನೆ. ಆಗ ಎಲ್ಲರೂ ಬೆರಳು ತೋರಿಸುವುದು ಇವಳನ್ನೇ. ಗೊತ್ತಾಗುವ ಮೊದಲೇ ನಾನು ಎದ್ದು ನಿಂತಿದ್ದೆ.

“ಸರ್, ಅದು ಸುಳ್ಳರಿ! ಯಾರೂ ಯಾವ ಸೊಸಿ ಹೆಸರೂ ಕೂಗಿಲ್ಲರಿ. ನಮ್ಮ ಗಿರಣ್ಯಾಗ ಕುಂತು ನಾನ ಹುಟ್ಟಿಸಿ ಹೇಳಿದ್ದರಿ. ತಂಗೀದೇನೂ ತಪ್ಪಿಲ್ಲ.”

ಶಕ್ಕು ನನ್ನನ್ನು ನೋಡಿದಳು. ಸಿಟ್ಟು ಬರುತ್ತದೆ, ಅಳು ಬರುತ್ತದೆ ಎಂದು ನಾನು ಕಾಯುತ್ತಿದ್ದರೆ ಅವಳ ಮುಖದಲ್ಲಿ ಬಂದದ್ದು ಬೇರೆಯೇ. ಸಣ್ಣವಳಿದ್ದಾಗ ನಾನು ಬೆಲ್ಲ ಕದಿಯುವುದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದಳಲ್ಲ, ಅದೇ ಮುಖ.

“ಅಣ್ಣಾ, ನೀ ಪುಸ್ತಕ ಎರಡು ಸಲ ಓದೀನಿ ಅಂದಿದ್ದಿ?”

“ಹೂಂ.”

“ಅದ ಪುಟದ ಕೆಳಗ ಸಣ್ಣ ಅಕ್ಷರದಾಗ ಏನೈತಿ?”

ಸಣ್ಣ ಅಕ್ಷರವನ್ನೂ ಓದಬೇಕೆಂದು ನನಗೇನು ಗೊತ್ತು? ಔಷಧದ ಡಬ್ಬಿಯ ಮೇಲೂ ಸಣ್ಣ ಅಕ್ಷರ ಇರುತ್ತದೆ, ಅದನ್ನು ಯಾರಾದರೂ ಓದಿದ್ದು ಉಂಟೆ? ಶಕ್ಕು ತಾನೇ ಗಟ್ಟಿಯಾಗಿ ಓದಿದಳು: “ಇದನ್ನು ಹೇಳಿದವರು ಒಬ್ಬರೇ. ಬೆಳವಣಕಿ, ಅಬ್ಬಿಗೇರಿ, ಶಿರೋಳಗಳಲ್ಲಿ ಕೇಳಿದಾಗ ಎಲ್ಲರೂ ನಕ್ಕರು. ತಂಗಿಯನ್ನು ಬರಿಗೈಲಿ ಕಳಿಸಲಾರದ ಅಣ್ಣನ ಕಲ್ಪನೆ ಇದಾಗಿರಬಹುದು. ಚಂದವಿದೆ ಎಂದು ಉಳಿಸಿಕೊಂಡಿದ್ದೇನೆ.”

ಸಭೆ ನಕ್ಕ ನಗೆಗೆ ಪಕ್ಕದ ಬೇವಿನ ಗಿಡದ ಹಕ್ಕಿಗಳೆಲ್ಲ ಎದ್ದವು. ಅಷ್ಟರಲ್ಲಿ ನನ್ನ ಕಣ್ಣು ಪ್ರೊಫೆಸರರ ಮೇಲೆ ಬಿತ್ತು. ಪಾಪ, ಅವರು ಚಸ್ಮಾ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಪುಟದ ತಳವನ್ನು ಮೊದಲ ಸಲ ನೋಡುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಮೆಲ್ಲಗೆ ನನ್ನ ಬಳಿ ಬಂದರು.

“ಯಜಮಾನ್ರ, ಖರೇ ಹೇಳ್ರಿ, ನೀವು ಎಷ್ಟನೇ ಪುಟಕ್ಕ ಬಿಟ್ರಿ?”

“ನನ್ನ ಹೆಸರಿದ್ದ ಪುಟಕ್ಕರಿ. ತಾವು?”

“ನಾ ಮುನ್ನುಡಿ ಪೂರಾ ಓದೀನಿ, ಆ ಪುಟಾನೂ ಮುಕ್ಕಾಲು” ಎಂದು ಅವರು ಸ್ವಲ್ಪ ಗತ್ತಿನಿಂದಲೇ ಹೇಳಿದರು. ವಿದ್ವಾಂಸರೂ ನಮ್ಮ ಗಿರಣಿ ಕಟ್ಟೆಯವರೇ ಎಂದು ತಿಳಿದು ಅವರ ಮೇಲೆ ನನಗೆ ಪ್ರೀತಿ ಹುಟ್ಟಿತು.

ಮರಳಿ ಬರುವಾಗ ಬಸ್ಸಿನಲ್ಲಿ ಶಕ್ಕುನ ಪಕ್ಕ ಕುಳಿತು, ಇದ್ದುದೆಲ್ಲ ಹೇಳಿ ಮುಗಿಸಿಬಿಡೋಣ ಎಂದು ಬೆಕ್ಕಿನ ಸುದ್ದಿಯನ್ನೂ ಬಾಯಿಬಿಟ್ಟೆ. “ಬೆಕ್ಕಿಂದೂ ಸುಳ್ಳೇನು?” ಎಂದು ಅವಳು ಹುಬ್ಬು ಏರಿಸಿದಳು. “ಅದನ್ನೂ ಬರದೀಯೇನು?” ಎಂದೆ. “ಓದಕೊಂತ ಹೋಗು. ಸಿಕ್ರ ಸಿಗತೈತಿ” ಎಂದಳು. ಯಾವ ಪುಟ ಎಂದು ಎಷ್ಟು ಕೇಳಿದರೂ ಹೇಳಲಿಲ್ಲ, ಕಿಡಕಿಯಾಚೆ ಕಪ್ಪು ಮಣ್ಣಿನ ಎರಿ ಹೊಲ ನೋಡುತ್ತ ಕುಳಿತಳು.

ಹೀಗೆ ಏಳನೇ ಇಯತ್ತೆಯವನು ಈಗ ಗಿರಣಿಯಲ್ಲಿ ದಿನಕ್ಕೆರಡು ಪುಟ ಓದುತ್ತಿದ್ದೇನೆ, ದೊಡ್ಡ ಅಕ್ಷರ ಸಣ್ಣ ಅಕ್ಷರ ಎರಡೂ. ಬೀಸಲು ತಂದವರು “ಏನ್ರಿ, ಪರೀಕ್ಷಾ ಐತೇನು?” ಎಂದು ಚೇಷ್ಟೆ ಮಾಡುತ್ತಾರೆ. ಐತಿ ಅನ್ನುತ್ತೇನೆ. ನೂರ ನಾಲ್ಕನೆಯ ಪುಟಕ್ಕೆ ಬಂದರೂ ಬೆಕ್ಕು ಸಿಕ್ಕಿಲ್ಲ. ಆದರೆ ನಿನ್ನೆ ಅಲ್ಲಿ ನಮ್ಮ ಅವ್ವ ಸಿಕ್ಕಳು. ತಳದ ಮುಗ್ಗಲು ಜೋಳದ ರೊಟ್ಟಿಯನ್ನು ಅವ್ವ ತಾನೊಬ್ಬಳೇ ಉಣ್ಣುತ್ತಿದ್ದಳು, ನಾನು ಕೇಳಿದರೆ ಇದರ ರುಚಿ ಸಣ್ಣವರಿಗೆ ತಿಳಿಯೋದಿಲ್ಲ ಎಂದು ನನಗೆ ಮೇಲಿನ ಜೋಳದ ರೊಟ್ಟಿ ಹಾಕುತ್ತಿದ್ದಳು. ಆ ಮಧ್ಯಾಹ್ನ ಸೊಸೆ, ಬೆಕ್ಕು ಯಾವುದೂ ಹುಟ್ಟುವ ಮೊದಲು ನಾನು ಹೇಳಿದ ಮಾತು ಅದು. ಕಣ್ಣಾರೆ ಕಂಡದ್ದು. ಶಕ್ಕು ಆಗ ತೊಟ್ಟಿಲಲ್ಲಿದ್ದಳು, ಅವಳಿಗೆ ನೆನಪಿರಲು ಸಾಧ್ಯವಿಲ್ಲ.

ಅಭ್ಯಾಸದಂತೆ ಪುಟದ ತಳಕ್ಕೆ ಹೋದೆ. ಸಣ್ಣ ಅಕ್ಷರದಲ್ಲಿ ಹೀಗಿತ್ತು: “ಇದನ್ನು ಹೇಳಿದವರೂ ಅವರೇ. ನಂಬಬಹುದೋ ಇಲ್ಲವೋ ತಿಳಿಯದು.”