ಅಡಿಗೆಯವನ ಕೈಗೆ ಸುತ್ತಿದ ಅರಿವೆ

ನನಗೆ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ಹೀಗೆ ಒಪ್ಪಿಕೊಳ್ಳುವುದಕ್ಕೆ ನಾಚಿಕೆಯೂ ಇಲ್ಲ. ತಮ್ಮ ನೆನಪನ್ನು ಪೂರ್ತಿ ನಂಬುವವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರು ಹೇಳುವ ಕತೆಗಳು ವರ್ಷದಿಂದ ವರ್ಷಕ್ಕೆ ಅವರಿಗೇ ಹೆಚ್ಚು ಹೆಚ್ಚು ಅನುಕೂಲವಾಗುತ್ತ ಹೋಗುತ್ತವೆ. ಹೈದರಾಬಾದಿನಲ್ಲಿ ನಾನು ಬಿ.ಎ. ಓದುತ್ತಿದ್ದಾಗ ತರ್ಕಶಾಸ್ತ್ರದ ಪ್ರೊಫೆಸರರೊಬ್ಬರು, ಕಂಡದ್ದನ್ನು ಕಂಡ ದಿನವೇ ಬರೆದಿಡದವನಿಗೆ ವಾದ ಮಾಡುವ ಹಕ್ಕಿಲ್ಲ ಎಂದು ಹೇಳಿದ್ದರು. ಹೇಳಿದ್ದರೆಂದು ನನ್ನ ನೆನಪು, ಅಷ್ಟೆ. ಆ ದಿನ ನಾನು ದಿನಚರಿ ಬರೆಯುತ್ತಿರಲಿಲ್ಲ. ಮರುದಿನದಿಂದ ಶುರುಮಾಡಿದೆ. ಈಗ ರಾಯಚೂರಿನ ಮನೆಯ ಗೋಡೆಯ ಮಾಡದಲ್ಲಿ ಹನ್ನೊಂದು ದಿನಚರಿಗಳಿವೆ. ಮನೆಯಲ್ಲಿ ಯಾವ ಮಾತಿಗೆ ತಕರಾರು ಬಂದರೂ ನಾನು ಎದ್ದು ಅವುಗಳಲ್ಲೊಂದನ್ನು ತೆಗೆಯುತ್ತೇನೆ. ನಾನು ಏಳುವುದನ್ನು ಕಂಡೊಡನೆ ನನ್ನ ಹೆಂಡತಿ ಗೋದಾವರಿಯೂ ಎದ್ದು ಅಡಿಗೆಮನೆಗೆ ಹೋಗಿಬಿಡುತ್ತಾಳೆ. ಹೀಗಾಗಿ ದಿನಚರಿಯಿಂದ ನಾನು ಗೆದ್ದ ವಾದಗಳನ್ನೆಲ್ಲ ಖಾಲಿ ಪಡಸಾಲೆಯಲ್ಲಿ ಗೆದ್ದಿದ್ದೇನೆ.

ಹೇಳಹೊರಟಿರುವುದು ಒಂದು ಮಾಸಪತ್ರಿಕೆಯ ಸಂಗತಿ. ಧಾರವಾಡದ ಕಡೆಯಿಂದ ಬರುವ ಈ ಪತ್ರಿಕೆಯನ್ನು ನಾವು ಮೂರು ಮನೆಯವರು ಕೂಡಿ ತರಿಸುತ್ತೇವೆ. ಮೊದಲು ರಾಯಚೂರಿನಲ್ಲಿ ನಮ್ಮ ಮನೆ. ಆಮೇಲೆ ಮಾನ್ವಿಯಲ್ಲಿ ಗೋದಾವರಿಯ ತವರು. ಕೊನೆಗೆ ದೇವದುರ್ಗದಲ್ಲಿ ಅವಳ ದೊಡ್ಡಪ್ಪ ಭೀಮಾಚಾರ್ಯರು. ಅವರು ಧಾರಾವಾಹಿಯ ಹಾಳೆಗಳನ್ನಷ್ಟೇ ಕತ್ತರಿಸಿ, ದಬ್ಬಣದಿಂದ ಹೊಲಿದು, ಪುಸ್ತಕ ಮಾಡಿ ಇಡುತ್ತಾರೆ. ಊರಿಂದ ಊರಿಗೆ ಪತ್ರಿಕೆ ಹೋಗುವುದು ಯಾರಾದರೂ ಪರಿಚಯದವರ ಕೈಯಲ್ಲಿ, ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ. ಯುದ್ಧ ಬಂದಮೇಲೆ ಪೆಟ್ರೋಲಿನಂತೆ ಕಾಗದವೂ ಇಲ್ಲವಾಗಿ, ಪತ್ರಿಕೆ ತಿಂಗಳಿಂದ ತಿಂಗಳಿಗೆ ಬಡಕಲಾಗುತ್ತ ಬಂದಿತ್ತು. ಮೊದಲು ಪಾಕಶಾಸ್ತ್ರದ ಪುಟ ಹೋಯಿತು, ಆಮೇಲೆ ಮಕ್ಕಳ ಪುಟ. ಪತ್ತೇದಾರಿ ಧಾರಾವಾಹಿ ಮಾತ್ರ ಉಳಿಯಿತು. ಅದೂ ಹನ್ನೆರಡು ಪುಟ ಇದ್ದದ್ದು ಆರಕ್ಕೆ ಇಳಿಯಿತು.

ಅಂಚೆಯಲ್ಲಿ ಬಂದ ಪತ್ರಿಕೆಗೆ ಒಂದು ಕಾಗದದ ಪಟ್ಟಿ ಸುತ್ತಿರುತ್ತದೆ. ಅದನ್ನು ಕತ್ತರಿಸುವವನು ನಾನು. ಬಿ.ಎ. ಆದವನಾದ್ದರಿಂದ ಇದು ನನಗೆ ಸಲ್ಲತಕ್ಕದ್ದೆಂದು ನಾನು ತಿಳಿದಿದ್ದೆ. ಮದುವೆಯಾದ ಲಾಗಾಯ್ತಿನಿಂದ ಹೀಗೇ ನಡೆದುಬಂದಿತ್ತು. ಓದಿ ಮುಗಿಸಿದ ಮೇಲೆ ಪತ್ರಿಕೆಯನ್ನು ಗೋದಾವರಿಗೆ ಕೊಡುತ್ತಿದ್ದೆ. ಕೊಡುವಾಗ, ಏನೂ ದುರುದ್ದೇಶವಿಲ್ಲದೆ, ಈ ತಿಂಗಳು ಕತೆಯಲ್ಲಿ ಏನಾಯಿತೆಂದು ಹೇಳಿಬಿಡುತ್ತಿದ್ದೆ. ಅವಳು ಒಂದು ಸಲ ಪತ್ರಿಕೆಯನ್ನು ಕೈಗೆ ತೆಗೆದುಕೊಳ್ಳದೆಯೇ ಹೇಳಿದಳು. "ನೀವು ಉಂಡು ಕೈ ತೊಳಕೊಂಡು, ಸಾರಿನ ರುಚಿ ಹೆಂಗಿತ್ತು ಅಂತ ನನಗ ಹೇಳ್ತೀರಿ. ಇನ್ನ ನಾ ಉಣ್ಣೋದೇನದ? ಒಂದ ಸಲ, ಏನಾಗ್ತದ ಅಂತ ಗೊತ್ತಿಲ್ಲದ ಓದಬೇಕಂತ ನನಗೂ ಅನಸ್ತದ." ಈ ಮಾತನ್ನು ಅಂದೇ ದಿನಚರಿಯಲ್ಲಿ ಬರೆದುಕೊಂಡೆ. ಬರೆದುಕೊಂಡ ಮೇಲೆ ಏನಾದರೂ ಮಾಡಬೇಕೆಂದು ನನಗೆ ಹೊಳೆಯಲಿಲ್ಲ.

ಧಾರಾವಾಹಿಯ ಕತೆ ಇಷ್ಟು. ಒಂದು ವಾಡೆಯಲ್ಲಿ ಬೇಸಿಗೆಯ ದಿನ ದೇಸಾಯಿಯೊಬ್ಬ ಒಳಗಿನಿಂದ ಅಗಳಿ ಹಾಕಿದ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ. ತೋಟದ ಕಡೆಯ ಕಿಟಕಿಯ ಒಂದು ಗಾಜು ಒಡೆದಿದೆ. ಗಾಜಿನ ಅಂಚಿಗೆ ರಕ್ತವಿದೆ. ವಾಡೆಯಲ್ಲಿ ಇರುವವರು ದೇಸಾಯಿಯ ತಮ್ಮ, ವೈದ್ಯ, ಕಾರಕೂನ, ಅಡಿಗೆಯವನು, ಒಬ್ಬಳು ಹಾಡುವವಳು, ಮತ್ತು ಪಡಸಾಲೆಯ ಕಟ್ಟೆಯ ಮೇಲೆ ಶಾಲು ಹೊದ್ದು ಕುಳಿತು ಎಲ್ಲದಕ್ಕೂ ಹೌದು ಹೌದು ಅನ್ನುವ ಒಬ್ಬ ನಿವೃತ್ತ ಪೋಸ್ಟ್‌ಮಾಸ್ತರ. ಗಾಜು ಒಡೆದು ಕೈ ತೂರಿಸಿ ಚಿಲಕ ತೆಗೆದವನೇ ಕೊಲೆಗಾರ, ಅವನ ಕೈಗೆ ಗಾಯವಾಗಿರಬೇಕು ಎಂಬುದು ನಾಲ್ಕನೆಯ ಕಂತಿನಲ್ಲೇ ನನಗೆ ಖಚಿತವಾಯಿತು. ಯಾವ ಕೈ ಎಂಬುದೊಂದು ಉಳಿಯಿತು. ಅದಕ್ಕಾಗಿ ಒಂದು ರವಿವಾರ ನಮ್ಮ ಮನೆಯ ಕಿಟಕಿಯ ಹೊರಗೆ ನಿಂತು, ಸರಳುಗಳ ನಡುವೆ ಬಲಗೈ ತೂರಿಸಿ ಪ್ರಯೋಗ ಮಾಡಿದೆ. ಚಿಲಕ ಸರಿಯಾಗಿ ಸಿಕ್ಕಿತು. ಆದ್ದರಿಂದ ಬಲಗೈ ಎಂದು ಸಿದ್ಧವಾಯಿತು. ಕೈ ಮಾತ್ರ ಹೊರಗೆ ಬರಲಿಲ್ಲ. ಗೋದಾವರಿ ಒಳಗಿನಿಂದ ಮೊಳಕೈಗೆ ಶೇಂಗಾ ಎಣ್ಣೆ ಸವರುತ್ತಿದ್ದಾಗ, ಓಣಿಯಲ್ಲಿ ಹೋಗುತ್ತಿದ್ದ ನಾನು ಕಲಿಸುವ ಶಾಲೆಯ ಗಣಿತದ ಮಾಸ್ತರರಾದ ಕರೀಂ ಸಾಹೇಬರು ನಿಂತು, ಏನು ಕಳೆದಿದೆ ಎಂದು ಬಹಳ ಮರ್ಯಾದೆಯಿಂದ ಕೇಳಿದರು.

ಪಂಚಮಿಗೆ ಗೋದಾವರಿ ಮಾನ್ವಿಗೆ ಹೋದಳು. ಅದೇ ಸಮಯಕ್ಕೆ ನನಗೆ ದೇವದುರ್ಗದ ಶಾಲೆಯಲ್ಲಿ ಹದಿನೈದು ದಿನದ ಬದಲಿ ಕೆಲಸ ಬಂತು. ಹೊರಡುವ ದಿನವೇ ಏಳನೆಯ ಕಂತಿನ ಪತ್ರಿಕೆ ಬಂದದ್ದರಿಂದ ಅದನ್ನು ಪಟ್ಟಿಯ ಸಮೇತ ಚೀಲದಲ್ಲಿ ಇಟ್ಟುಕೊಂಡೆ. ಓದುವಾಗ ಕಣ್ಣಿಗೆ ಹಾಕಿಕೊಳ್ಳುವ ಚಾಳೀಸನ್ನು ಇಟ್ಟುಕೊಳ್ಳಲಿಲ್ಲ. ಅದು ಮನೆಯ ಕಿಟಕಿಯಲ್ಲಿ, ಪ್ರಯೋಗದ ಕಿಟಕಿಯಲ್ಲೇ, ಉಳಿದುಬಿಟ್ಟಿತ್ತು. ದೇವದುರ್ಗದಲ್ಲಿ ಭೀಮಾಚಾರ್ಯರ ಮನೆಯಲ್ಲಿ ಇಳಿದೆ. ಅವರು ಗುಡಿಯ ಅಡಿಗೆ ಮಾಡುತ್ತಿದ್ದವರು. ಮಂಡಿನೋವು ಬಂದಮೇಲೆ ಒಲೆಯ ಮುಂದಿನಿಂದ ಎದ್ದು, ಅದೇ ಗುಡಿಯ ಪೌಳಿಯಲ್ಲಿ ಪುರಾಣ ಹೇಳಲು ಕುಳಿತವರು. ಪಟ್ಟಿ ಕತ್ತರಿಸಿದವನು ನಾನೇ. ಆದರೆ ಚಾಳೀಸಿಲ್ಲದೆ ಅಕ್ಷರಗಳು ಇರುವೆ ಸಾಲಿನಂತೆ ಸರಿದಾಡಿದವು. ಕೊನೆಗೆ ಪತ್ರಿಕೆಯನ್ನು ಅವರ ಕೈಗೆ ಕೊಟ್ಟು, ನೀವೇ ಓದಿ ಹೇಳಿರಿ ಎಂದೆ.

ಅವರು ಕಾಲು ಮಡಚಿ ಕುಳಿತು, ಪತ್ರಿಕೆಯನ್ನು ವ್ಯಾಸಪೀಠದ ಮೇಲಿಟ್ಟು ಓದಿದರು. ಅಕ್ಕಪಕ್ಕದ ನಾಲ್ಕಾರು ಹೆಣ್ಣುಮಕ್ಕಳು ಬಂದು ಕುಳಿತಿದ್ದರು. ನಾನು ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೇಳಿದೆ. ಕತೆಯಲ್ಲಿ ಪತ್ತೇದಾರನು ಎಲ್ಲರನ್ನೂ ಕೂರಿಸಿ ವಿಚಾರಿಸುತ್ತಿದ್ದಾಗ ಅಡಿಗೆಯವನು ಹಾಲು ತರುವ ಪ್ರಸಂಗ ಬಂತು. ಕೈಗೆ ಅರಿವೆ ಸುತ್ತಿಕೊಂಡು ಬಂದ. ನನ್ನ ಕಣ್ಣುಗಳು ತಾವಾಗಿಯೇ ತೆರೆದವು. ಸುತ್ತ ಕುಳಿತವರಲ್ಲಿ ಒಬ್ಬರಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ. ಅವರು ಹಾಡುವವಳ ಸೀರೆಯ ಬಣ್ಣವನ್ನು ಕುರಿತು ಮಾತಾಡುತ್ತಿದ್ದರು. ಓದು ಮುಗಿದ ಕೂಡಲೇ ದಿನಚರಿ ತೆಗೆದು ಬರೆದೆ. ಚಾಳೀಸಿಲ್ಲದ್ದರಿಂದ ಆ ಪುಟದಲ್ಲಿ ಅಕ್ಷರಗಳು ಕುಂಬಳಬೀಜದಷ್ಟು ದಪ್ಪ ಬಂದಿವೆ. ಈಗಲೂ ನೋಡಬಹುದು: "ಅಡಿಗೆಯವನ ಬಲಗೈಗೆ ಅರಿವೆ ಸುತ್ತಿತ್ತು." ಕೆಳಗೆ ಎರಡು ಗೆರೆ. ಮರುದಿನ ಮಾನ್ವಿಗೆ ಹೊರಟವರೊಬ್ಬರ ಕೈಯಲ್ಲಿ ಪತ್ರಿಕೆ ಗೋದಾವರಿಗೆ ಹೋಯಿತು. ನಾನು ಕತೆ ಹೇಳದೆ ಅವಳು ಓದಿದ ಕಂತು ಅದೊಂದೇ. ಓದಿದ ಮೇಲೆ ಅದು ಹೊಲಿಗೆಗೆಂದು ದೇವದುರ್ಗಕ್ಕೇ ಮರಳಿತು. ನಾನು ಅದನ್ನು ಕಣ್ಣಿನಿಂದ ನೋಡಲಿಲ್ಲ, ನೋಡಬೇಕೆಂದು ಅನ್ನಿಸಲೂ ಇಲ್ಲ.

ರಾಯಚೂರಿಗೆ ಬಂದಮೇಲೆ ಗೋದಾವರಿಯ ಮುಂದೆ ಸಾರಿದೆ: ಅಪರಾಧಿ ಅಡಿಗೆಯವನು. ಕಾರಣ ಕೇಳಿದಳು. ನಾನು ಹೇಳಲಿಲ್ಲ. ಆಧಾರವನ್ನು ಕೊನೆಯ ಕಂತಿನವರೆಗೆ ಬಚ್ಚಿಟ್ಟುಕೊಳ್ಳುವುದು ಪತ್ತೇದಾರರ ಪದ್ಧತಿ. ಅವಳು ಅಕ್ಕಿ ಆರಿಸುತ್ತ, ಅಡಿಗೆಯವನಲ್ಲ, ಪೋಸ್ಟ್‌ಮಾಸ್ತರ ಅಂದಳು. ಅವನು ಇಡೀ ಕತೆಯಲ್ಲಿ ಏನೂ ಮಾಡಿಲ್ಲವಲ್ಲ ಎಂದು ನಾನು ನಕ್ಕೆ.

"ಅದಕ್ಕ ಅವನ," ಅಂದಳು. "ಕಾಗದ ಸಿಗವಲ್ದು ಅಂತ ಬರಿಯೋರು ಹಾಡೋಕಿನ್ನ ಊರಿಗೆ ಕಳಿಸಿದ್ರು. ದೇಸಾಯರ ನಾಯಿನ್ನ ಸುದ್ದಾ ಕಳದ್ರು. ಆರು ಪುಟದಾಗ ಮಂದಿಗೆ ನಿಂದರಾಕ ಜಾಗ ಇಲ್ಲ. ಅಂಥಾದ್ರಾಗ ಇವ ಒಬ್ಬ ಕೆಲಸಿಲ್ಲ ಬೊಗಸಿಲ್ಲ, ತಿಂಗಳಾ ಬಂದು ಕಟ್ಟಿ ಮ್ಯಾಲ ಕೂಡ್ತಾನ. ರೇಶನ್ ಕಾಲದಾಗ ಸುಮ್ಮನ ಕೂತವನಿಗೆ ಯಾರು ಅನ್ನ ಹಾಕ್ತಾರ್ರೀ? ಮುಂದ ಏನೋ ಕೆಲಸ ಅದ ಅಂತನ ಇಟಗೊಂಡಾರ."

ಇದು ತರ್ಕವಲ್ಲ, ಮನೆವಾರ್ತೆ ಎಂದು ನಾನು ಹೇಳಿದೆ. ಆಗ ಅವಳು ಮೊರವನ್ನು ಕೆಳಗಿಟ್ಟು, ಹಾಗಾದರೆ ಒಂದು ಕರಾರು ಆಗಲಿ ಅಂದಳು. ಅಡಿಗೆಯವನೇ ಆದರೆ ಅವಳು ಇನ್ನು ಮೇಲೆ ತಕರಾರು ತೆಗೆಯುವುದಿಲ್ಲ. ನಾನು ಕತೆ ಹೇಳುತ್ತಿರಬಹುದು, ಅವಳು ಕೇಳುತ್ತಿರುತ್ತಾಳೆ. ಪೋಸ್ಟ್‌ಮಾಸ್ತರನಾದರೆ ಪಟ್ಟಿ ಕತ್ತರಿಸುವವಳು ಅವಳು, ಮೊದಲು ಓದುವವಳೂ ಅವಳು. ಒಪ್ಪಿದೆ. ಒಪ್ಪುವಾಗ ನನಗೆ ಅವಳ ಮೇಲೆ ಸ್ವಲ್ಪ ಕನಿಕರವೇ ಇತ್ತೆಂದು ದಿನಚರಿಯಲ್ಲಿದೆ. ಶಾಲೆಯಲ್ಲಿ ಕರೀಂ ಸಾಹೇಬರಿಗೆ ಮಾತ್ರ ಆಧಾರವನ್ನು ಗುಟ್ಟಾಗಿ ಹೇಳಿದೆ. ಅವರು ಕೋಟಿನ ಮೇಲಿನ ಸೀಮೆಸುಣ್ಣದ ಪುಡಿ ಕೊಡವಿಕೊಳ್ಳುತ್ತ, "ಗವಾಹ್ ಯಾರು ಮಾಸ್ತರ್, ಸಾಕ್ಷಿ ಯಾರು? ಅರಿವಿ ನೀವು ನೋಡೀರೇನು?" ಎಂದು ಕೇಳಿದರು. ನೋಡಿಲ್ಲ, ಕೇಳಿದ ದಿನವೇ ಬರೆದಿಟ್ಟಿದ್ದೇನೆ ಎಂದೆ. ಅವರು ತಲೆ ಆಡಿಸಿ ತರಗತಿಗೆ ಹೋದರು. ಗಣಿತದವರಿಗೆ ಸಾಹಿತ್ಯ ತಿಳಿಯುವುದಿಲ್ಲ ಎಂದು ಅಂದು ಬರೆದುಕೊಂಡಿದ್ದೇನೆ.

ಕೊನೆಯ ಕಂತು ಬಂತು. ನಂಬಿಕೆಯ ಪ್ರಶ್ನೆಯಾದ್ದರಿಂದ ನಾನು ಪಟ್ಟಿ ಕತ್ತರಿಸಿ, ಪತ್ರಿಕೆಯನ್ನು ಗೋದಾವರಿಯ ಕೈಗೆ ಕೊಟ್ಟೆ. ಅವಳು ಗಟ್ಟಿಯಾಗಿ ಓದಿದಳು. ಎರಡನೆಯ ಪುಟದಲ್ಲಿ ಪತ್ತೇದಾರನು ಎದ್ದು ಹೋಗಿ ಪೋಸ್ಟ್‌ಮಾಸ್ತರನ ಶಾಲು ಎಳೆದ. ಶಾಲಿನೊಳಗೆ ಗಾಯವಾದ ಕೈ ಇತ್ತು. ಅದೂ ಎಡಗೈ. ರಾಯಚೂರಿನಂಥ ಊರಿನಲ್ಲಿದ್ದುಕೊಂಡು, ಬೇಸಿಗೆಯಲ್ಲಿ ಶಾಲು ಹೊದ್ದವನನ್ನು ಕಂಡು ನನಗೆ ಏನೂ ಅನ್ನಿಸಿರಲಿಲ್ಲ. ಗೋದಾವರಿ ಓದಿ ಮುಗಿಸಿ, ನೆಲದ ಮೇಲೆ ಬಿದ್ದಿದ್ದ ಪಟ್ಟಿಯನ್ನು ಎತ್ತಿ ಒಲೆಗೆ ಹಾಕಿ, ಅಡಕತ್ತಿನ ಪಕ್ಕದಲ್ಲಿದ್ದ ಕತ್ತರಿಯನ್ನು ತನ್ನ ಹೊಲಿಗೆಯ ಡಬ್ಬಿಯಲ್ಲಿ ಇಟ್ಟುಕೊಂಡಳು.

ನನಗೆ ಸೋಲಿನ ಬೇಸರಕ್ಕಿಂತ ಅನ್ಯಾಯದ ಬೇಸರ ಹೆಚ್ಚಾಗಿತ್ತು. ಅಡಿಗೆಯವನ ಕೈಗೆ ಅರಿವೆ ಯಾಕೆ ಸುತ್ತಿತ್ತು? ಲೇಖಕರು ಅದನ್ನು ಹೇಳಲೇ ಇಲ್ಲ. ಸಂಪಾದಕರಿಗೆ ನಾಲ್ಕು ಪುಟದ ಪತ್ರ ಬರೆದೆ. ಓದುಗರ ಮುಂದೆ ಒಂದು ಸುಳಿವನ್ನು ಇಟ್ಟು ಅದನ್ನು ಬಿಡಿಸದೆ ಹೋಗುವುದು ವಿಶ್ವಾಸಘಾತವೆಂದೂ, ನಮ್ಮಂಥ ವಿಚಾರವಂತರು ಇದನ್ನು ಸಹಿಸಲಾರರೆಂದೂ ಬರೆದೆ. ಹೆಸರಿನ ಮುಂದೆ ಬಿ.ಎ. ಹಾಕಿದೆ. ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು: ಏಳನೆಯ ಕಂತನ್ನು ನಾವೂ ಲೇಖಕರೂ ಎರಡೆರಡು ಸಲ ಓದಿ ನೋಡಿದೆವು, ಅದರಲ್ಲಿ ಅರಿವೆಯಿಲ್ಲ, ಪುಟದ ಸಂಖ್ಯೆ ತಿಳಿಸಿದರೆ ಉಪಕಾರವಾಗುತ್ತದೆ.

ಮುಂದಿನ ರವಿವಾರ, ಈ ಸಲ ಚಾಳೀಸನ್ನು ಮೂಗಿನ ಮೇಲೆ ಇಟ್ಟುಕೊಂಡೇ, ದೇವದುರ್ಗದ ಬಸ್ಸು ಹತ್ತಿದೆ. ಭೀಮಾಚಾರ್ಯರು ಹೊಲಿದಿಟ್ಟ ಪುಸ್ತಕವನ್ನು ತೆಗೆದುಕೊಟ್ಟರು. ಏಳನೆಯ ಕಂತಿನಲ್ಲಿ ಹೀಗಿತ್ತು: "ಅಡಿಗೆಯವನು ಕಾಯಿಸಿದ ಹಾಲಿನ ತಪ್ಪೇಲಿಯನ್ನು ತಂದಿಟ್ಟು ಹೋದನು." ಅಷ್ಟೆ. ನಾನು ಆ ಸಾಲಿನ ಮೇಲೆ ಬೆರಳಿಟ್ಟು ಅವರ ಮುಖ ನೋಡಿದೆ. ಅವರಿಗೆ ಮುಚ್ಚಿಡುವಂಥದು ಏನೂ ಇರಲಿಲ್ಲ.

"ನೋಡ್ರಿ ಅಳಿಯಂದ್ರ, ಬರದಾವ ಎಂದೂ ಒಲಿ ಮುಂದ ಕೂತಾವಲ್ಲ. ಕುದಿಯೋ ಹಾಲಿನ ತಪ್ಪೇಲಿ ಬರಿಗೈಲೆ ಹಿಡಿಸ್ಯಾನ. ಹಂಗ ಓದಿದ್ರ ಕೂತ ಹೆಣ್ಮಕ್ಕಳು ನಗಂಗಿಲ್ಲೇನು? ಅದಕ್ಕ ನಾ ಒಂದು ಅರಿವಿ ಕೊಟ್ಟೆ. ಪಾಪ, ಅವನ ಕೈಯಾದ್ರೂ ಯಾಕ ಸುಡಬೇಕು?"

ಪುರಾಣ ಹೇಳುವವರು ಶ್ಲೋಕದಲ್ಲಿ ಇಲ್ಲದ ನೀರು, ನೆರಳು, ಮಣೆಗಳನ್ನೆಲ್ಲ ತಾವೇ ಒದಗಿಸಿಕೊಡುತ್ತಾರೆ. ಇಲ್ಲದಿದ್ದರೆ ಕೇಳುವವರಿಗೆ ರುಚಿಸುವುದಿಲ್ಲ. ಅದೇ ಅಭ್ಯಾಸದಿಂದ ಅವರು ಕೊಲೆಯ ಕತೆಗೂ ಒದಗಿಸಿದ್ದರು. ಅಲ್ಲಿದ್ದವರೆಲ್ಲ ಅದನ್ನು ಬಿಸಿ ಪಾತ್ರೆ ಹಿಡಿಯುವ ಮಸಿಅರಿವೆಯೆಂದೇ ತಿಳಿದಿದ್ದರು. ಗಾಯದ ಪಟ್ಟಿಯೆಂದು ತಿಳಿದವನು ನಾನೊಬ್ಬನೇ. ಆದರೂ ಬಿಡದೆ ನಾನು ಚೀಲದಿಂದ ದಿನಚರಿ ತೆಗೆದು, ಕುಂಬಳಬೀಜದ ಅಕ್ಷರಗಳನ್ನು ತೋರಿಸಿದೆ. ಮಸಿಅರಿವೆಯಾದರೆ ಬಲಗೈಗೆ ಮಾತ್ರ ಯಾಕೆ ಸುತ್ತಿದಿರಿ ಎಂದು ಕೇಳಿದೆ.

ಅವರು ಪುಟವನ್ನು ದೂರ ಹಿಡಿದು ಓದಿದರು. "ಅರಿವಿ ನಂದು, ಒಪ್ಪಿಕೋತೀನಿ. ಬಲಗೈ ನಂದಲ್ಲ. ಒಂದ ಕೈಲೆ ತಪ್ಪೇಲಿ ಹಿಡಿಯೋ ಅಡಿಗಿಯವನ್ನ ನಾ ಎಲ್ಲೂ ಕಂಡಿಲ್ಲ. ಎರಡೂ ಕೈಗೆ ಸುತ್ತಿದ್ದೆ." ಒಳಗಿನಿಂದ ಅವರ ಹೆಂಡತಿ, ಎರಡೂ ಕೈ ಮುಂದೆ ಮಾಡಿ ತೋರಿಸಿದ್ದರಲ್ಲ, ನಾವೆಲ್ಲ ನೋಡಿದೆವು ಅಂದರು. ಆ ಗಳಿಗೆಯಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೆ, ತೆರೆಯುವಷ್ಟರಲ್ಲಿ ಅವರ ಕೈ ಕೆಳಗಿಳಿದಿತ್ತು. ಆಗ ನನಗೆ ನಮ್ಮ ಮನೆಯ ಕಿಟಕಿಯೂ, ಸರಳುಗಳೂ, ಶೇಂಗಾ ಎಣ್ಣೆಯೂ ನೆನಪಾದವು. ಬಲಗೈಯನ್ನು ನಾನು ಆ ಕಿಟಕಿಯಲ್ಲಿ ತಿಂಗಳುಗಟ್ಟಲೆ ಮೊದಲೇ ಕಂಡುಹಿಡಿದು, ಅಡಿಗೆಯವನಿಗಾಗಿ ಕಾಯ್ದಿರಿಸಿದ್ದೆ. ನೆನಪು ಮೋಸ ಮಾಡೀತೆಂದು ಅದೇ ದಿನ ಬರೆದೆನಲ್ಲ. ನೆನಪಿಗೆ ಮೋಸ ಮಾಡಲು ಅವಕಾಶವೇ ಸಿಗಲಿಲ್ಲ. ಅದಕ್ಕಿಂತ ಮೊದಲೇ ನಾನೇ ಆ ಕೆಲಸ ಮುಗಿಸಿಬಿಟ್ಟಿದ್ದೆ.

ಗೋದಾವರಿಗೆ ಅರಿವೆಯ ವಿಷಯ ಹೇಳಿದ್ದೇನೆ, ಬಲಗೈಯ ವಿಷಯ ಹೇಳಿಲ್ಲ. ಎಲ್ಲವೂ ದೊಡ್ಡಪ್ಪನ ಕೈವಾಡವೆಂದೇ ಅವಳು ತಿಳಿದಿದ್ದಾಳೆ, ಅದನ್ನು ನೆನೆದು ಈಗಲೂ ನಗುತ್ತಾಳೆ. ಹೊಸ ಧಾರಾವಾಹಿ ಶುರುವಾಗಿದೆ. ಪತ್ರಿಕೆ ಬಂದ ದಿನ ಅವಳು ಡಬ್ಬಿಯಿಂದ ಕತ್ತರಿ ತೆಗೆದು, ಪಟ್ಟಿಯನ್ನು ನಡುವೆ ನೇರವಾಗಿ ಕತ್ತರಿಸಿ, ಬೇಳೆ ಬೇಯುವಷ್ಟು ಹೊತ್ತು ಒಲೆಯ ಮುಂದೆ ಕುಳಿತು ಓದುತ್ತಾಳೆ. ನಾನು ನೀರು ಕುಡಿಯುವ ನೆಪದಲ್ಲಿ ಮೂರು ಸಲ ಒಳಗೆ ಹೋಗಿ, ಏನಾಯಿತು ಎಂದು ಕೇಳುತ್ತೇನೆ. ಅವಳು ತಲೆ ಎತ್ತದೆ, "ಓದ್ರಿ" ಅನ್ನುತ್ತಾಳೆ.

ಸಂಪಾದಕರಿಗೆ ಕ್ಷಮೆ ಕೇಳಿ ಬರೆದದ್ದಕ್ಕೆ, ನಡೆದದ್ದನ್ನೆಲ್ಲ ಇದ್ದಂತೆ ಬರೆದು ಕಳಿಸಿದರೆ ಜಾಗವಿದ್ದಾಗ ಅಚ್ಚು ಹಾಕುತ್ತೇವೆ ಎಂದು ಇನ್ನೊಂದು ಕಾರ್ಡು ಬಂದಿತ್ತು. ಅದರಂತೆ ಬರೆದಿದ್ದೇನೆ. ಬರೆದು ಮುಗಿಸುವ ಹೊತ್ತಿಗೆ ಈಗ ತೋಚುತ್ತಿದೆ: ಇದು ಅಚ್ಚಾಗಿ ಬಂದ ದಿನ ಪಟ್ಟಿ ಕತ್ತರಿಸುವವಳು ಗೋದಾವರಿ. ಬಲಗೈ ಯಾರದೆಂದು ಅವಳಿಗೆ ಬೇಳೆ ಬೇಯುವುದರೊಳಗೆ ತಿಳಿದುಹೋಗುತ್ತದೆ. ನಾನು ಮೂರು ಸಲ ನೀರಿಗೆ ಹೋಗುತ್ತೇನೆ. ಅವಳು ಪತ್ರಿಕೆಯನ್ನು ನನ್ನ ಕಡೆ ಸರಿಸಿ, ಓದ್ರಿ ಅನ್ನುತ್ತಾಳೆ.